ಪಗಾರ ಚೀಟಿಯ ಪೂರ್ತಿ ಲೆಕ್ಕ ಹಾಕುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕೆಲಸಗಾರರನ್ನು ಪಗಾರ ಎಷ್ಟು ಅಂತ ಕೇಳಿದರೆ ಕೈಗೆ ಬರುವ ದುಡ್ಡು ಹೇಳುತ್ತಾರೆ. ಮಾಲೀಕರು ಹೇಳುವುದು ಬೇರೆ ಅಂಕಿ. ಎರಡೂ ನಿಜ. ನಡುವಿನ ಲೆಕ್ಕ ನೀವೇ ಹಾಕಿ ನೋಡಿ.

ಮೂಲ ಪಗಾರ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೊದಲು ನಿಮ್ಮ ಪಾಲು ಕಳೆಯಿರಿ. ಪಿಎಫ್ (ಭವಿಷ್ಯ ನಿಧಿ) ಶೇ 12, ಅಂದರೆ 1,800. ಇಎಸ್‌ಐ (ಕಾಯಿಲೆ, ಗಾಯಕ್ಕೆ ಆಗುವ ನೌಕರರ ವಿಮೆ) ಶೇ 0.75, ಅಂದರೆ 113. ಕೈಗೆ ಉಳಿಯುವುದು 13,087. ಆಮೇಲೆ ಅದೇ 15,000ಕ್ಕೆ ಮಾಲೀಕರ ಪಾಲು ಕೂಡಿಸಿ: ಪಿಎಫ್ 1,800, ಪಿಎಫ್ ಜೊತೆಗಿನ ವಿಮೆ ಮತ್ತು ಆಡಳಿತ ಶುಲ್ಕ 150, ಇಎಸ್‌ಐ ಶೇ 3.25ರಂತೆ 488. ಒಟ್ಟು 17,438. ಬೋನಸ್, ಗ್ರ್ಯಾಚುಟಿ ಇನ್ನೂ ಸೇರಿಲ್ಲ.

ಅಂತರ 4,351. ಇದೆಲ್ಲ ಕೈಬಿಟ್ಟು ಹೋದ ದುಡ್ಡಲ್ಲ. 2,350 ನಿಮ್ಮ ಪಿಎಫ್ ಖಾತೆಗೆ, 1,250 ಪಿಂಚಣಿಗೆ ಹೋಗುತ್ತದೆ.

ಈಗ ಮುಖ್ಯ ಪ್ರಶ್ನೆ: ಮಾಲೀಕರ ಪಾಲನ್ನು ನಿಜವಾಗಿ ಕೊಡುವವರು ಯಾರು? ಕಾಗದದ ಮೇಲೆ ಮಾಲೀಕರೇ. ಆದರೆ ಆಳು ತಗೊಳ್ಳುವಾಗ ಅವರು ನೋಡುವುದು 17,438ನ್ನು, ಹಾಗಾಗಿ ಮುಂದಿನ ವರ್ಷದ ಪಗಾರ ಏರಿಕೆ ಕಮ್ಮಿಯಾಗಿ ಆ ಹೊರೆ ನಿಧಾನಕ್ಕೆ ಕೆಲಸಗಾರರ ಮೇಲೇ ಬರಬಹುದು. ಚಿಲಿ ದೇಶದಲ್ಲಿ 1981ರ ಪಿಂಚಣಿ ಸುಧಾರಣೆಯ ನಂತರ ಮಾಲೀಕರು ಪಗಾರದ ಮೇಲೆ ಕಟ್ಟುವ ತೆರಿಗೆ ಭಾರೀ ಇಳಿಯಿತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ ಕಂಡದ್ದು, ಪಗಾರ ಏರಿತು, ಕೆಲಸದ ಸಂಖ್ಯೆ ಹೆಚ್ಚು ಬದಲಾಗಲಿಲ್ಲ. ಎಲ್ಲರಿಗೂ ಹೊರೆ ಒಂದೇ ತೂಕದ್ದಲ್ಲ. ಕೊಲ್ಹಾಪುರದ ಫೌಂಡ್ರಿಗೆ ಹೋಗಬಲ್ಲ ಒಳ್ಳೆ ಮೋಲ್ಡರ್ (ಎರಕದ ಅಚ್ಚು ಮಾಡುವವರು) ಪಗಾರ ಜಗ್ಗಾಡಿ ಕೇಳಬಹುದು, ಗೇಟಿನಾಚೆ ಹತ್ತು ಜನ ಕಾಯುತ್ತಿರುವಾಗ ಹೆಲ್ಪರ್ ಹೇಗೆ ಕೇಳಬೇಕು?

ಕೆಲಸದ ಮೇಲೂ ಪೆಟ್ಟು ಬೀಳಬಹುದು. ಕಾರ್ಖಾನೆಗಳಲ್ಲಿ ಇಎಸ್‌ಐ 10 ಜನರಿಂದ, ಪಿಎಫ್ 20 ಜನರಿಂದ ಕಡ್ಡಾಯ. ಗಡಿಯ ಹತ್ತಿರ ಇರುವ ಸಣ್ಣ ಘಟಕಕ್ಕೆ ಇಪ್ಪತ್ತನೆಯವರನ್ನು ಸೇರಿಸಿಕೊಂಡರೆ ಎಲ್ಲರ ಪಿಎಫ್ ಖರ್ಚೂ ಒಟ್ಟಿಗೆ ಶುರು. ಹಾಗಂತ ಜನರನ್ನು ಹಾಜರಿ ಪುಸ್ತಕದಿಂದ ಹೊರಗಿಡುವುದು ತಪ್ಪು, ಬಿಸಿ ಲೋಹದ ಹತ್ತಿರ ದುಡಿಯುವವರಿಗೆ ಇಎಸ್‌ಐ ಇಲ್ಲದಿದ್ದರೆ ಸುಟ್ಟ ಗಾಯದ ಖರ್ಚು ಮನೆ ಮೇಲೇ ಬೀಳುತ್ತದೆ, ಅಲ್ವಾ?

ಕೊನೆಗೆ ಪಿಎಫ್ ಪಾಸ್‌ಬುಕ್ ನೋಡಿ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಯುಎಎನ್ (ನಿಮ್ಮ ಪಿಎಫ್ ಗುರುತು ಸಂಖ್ಯೆ) ಹಾಕಿದರೆ ಸಿಗುತ್ತದೆ. ಮಾಲೀಕರು ದುಡ್ಡು ಕಟ್ಟಬೇಕಾದದ್ದು ಮುಂದಿನ ತಿಂಗಳ 15ರೊಳಗೆ. ಚೀಟಿಯಲ್ಲಿ ಕಡಿತ ಇದ್ದು ಪಾಸ್‌ಬುಕ್‌ನಲ್ಲಿ ಜಮೆ ಕಾಣದಿದ್ದರೆ ಸುಮ್ನೆ ಕೂರಬೇಡಿ. ಮೊದಲು ಆಫೀಸಿನಲ್ಲಿ ಕೇಳಿ, ಆಗದಿದ್ದರೆ ಚೀಟಿಯ ಪ್ರತಿ ಇಟ್ಟು ಪಿಎಫ್ ಕಚೇರಿಗೆ ದೂರು ಕೊಡಿ.