ಬಸ್ ಟೈಮ್ ನೋಡಿ ಡ್ಯೂಟಿ ಲಿಸ್ಟ್ ಹಾಕಿದೆ

ಮೂರು ವರ್ಷದ ಹಿಂದೆ ನಮ್ಮಲ್ಲಿ ಒಂದೇ ವರ್ಷದಲ್ಲಿ 19 ಜನ ನರ್ಸ್‌ಗಳು ಕೆಲಸ ಬಿಟ್ಟರು. ಇದ್ದವರೇ 46 ಜನ. ಕೋಲಾರದ 90 ಹಾಸಿಗೆಯ ಖಾಸಗಿ ಆಸ್ಪತ್ರೆ, ನಾನು ಅಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಹೋದ ವರ್ಷ ಬಿಟ್ಟವರು ಆರು ಜನ. ಅದರಲ್ಲಿ ಇಬ್ಬರಿಗೆ ಮದುವೆ, ಒಬ್ಬಳು ಜರ್ಮನ್ ಭಾಷೆ ಕಲಿತು ಜರ್ಮನಿಗೇ ಹೊರಟಳು. ಅವಳನ್ನು ತಡೆಯೋ ಶಕ್ತಿ ಯಾವ ಡ್ಯೂಟಿ ಲಿಸ್ಟಿಗೂ ಇಲ್ಲ ಬಿಡಿ.

ಮೊದಲು ಎಡವಿದ್ದನ್ನು ಹೇಳುತ್ತೇನೆ. ಅದೇ ಜಾಸ್ತಿ ಇದೆ.

ಎಲ್ಲರೂ ಮಾಡುವಂತೆ ಸಂಬಳ ಏರಿಸಿದೆವು. ತಲೆಗೆ ಸಾವಿರ ರೂಪಾಯಿ, ತಿಂಗಳಿಗೆ 46 ಸಾವಿರ ಖರ್ಚು. ನಾಲ್ಕು ತಿಂಗಳಲ್ಲಿ ಮತ್ತೆ ಐದು ರಾಜೀನಾಮೆ. ಆಮೇಲೆ ನೈಟ್ ಡ್ಯೂಟಿಗೆ 200 ರೂಪಾಯಿ ಭತ್ಯೆ ಇಟ್ಟೆ. ಇದು ನನ್ನದೇ ಐಡಿಯಾ, ನನ್ನದೇ ತಪ್ಪು. ಒಬ್ಬ ಹುಡುಗಿ ಬೇರೆಯವರ ನೈಟ್‌ಗಳನ್ನೆಲ್ಲ ತಾನೇ ತಗೊಂಡು ಒಂದೇ ತಿಂಗಳಲ್ಲಿ 17 ನೈಟ್ ಮಾಡಿದಳು. ಮನೆಯಲ್ಲಿ ಬೋರ್‌ವೆಲ್ ಸಾಲ. ಸಾವಿರದಿನ್ನೂರು ಅಡಿ ಕೊರೆಸಿ ನೀರು ಬರದಿದ್ದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಹದಿನಾರನೇ ನೈಟಿನ ಬೆಳಗಿನ ಜಾವ ನಾಲ್ಕಕ್ಕೆ ಪೊಟ್ಯಾಸಿಯಂ ಹಾಕಿದ್ದ ಬಾಟಲಿಯನ್ನು ಪಕ್ಕದ ಹಾಸಿಗೆಯವರಿಗೆ ಏರಿಸಲು ಹೊರಟಿದ್ದಳು. ಜೊತೆಯವಳು ಹೆಸರು ಓದಿ ಕೈ ಹಿಡಿದಳು. ಬೆಳಗ್ಗೆ ಅವಳಿಂದ ವಿವರಣೆ ಪತ್ರ ಕೇಳಿದರು. ಪತ್ರ ಬರೆಯಬೇಕಾಗಿದ್ದವಳು ನಾನು.

ಮೂರನೆಯದು, ನಿಮ್ಮ ಡ್ಯೂಟಿ ನೀವೇ ಬರೆದುಕೊಳ್ಳಿ ಅಂತ ಬೋರ್ಡ್ ತೂಗುಹಾಕಿದ್ದು. ಇಪ್ಪತ್ತು ನಿಮಿಷದಲ್ಲಿ ಭಾನುವಾರಗಳೆಲ್ಲ ಸೀನಿಯರ್‌ಗಳ ಪಾಲು. ಎರಡು ತಿಂಗಳು ಯಾರೂ ಯಾರ ಜೊತೆಯೂ ಟಿಫನ್ ಡಬ್ಬಿ ಬಿಚ್ಚಲಿಲ್ಲ.

ದಾರಿ ತೋರಿಸಿದ್ದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮಾಡಿದ ಒಬ್ಬ ಹುಡುಗಿ. ಮುಳಬಾಗಿಲು ಕಡೆಯ ಹಳ್ಳಿಯವಳು, ಡ್ರಿಪ್‌ಗೆ ನರದೊಳಗೆ ಕ್ಯಾನುಲಾ ಅನ್ನೋ ಸಣ್ಣ ಕೊಳವೆ ಹಾಕುವುದರಲ್ಲಿ ಬಂಗಾರದ ಕೈ. ಅವಳು ಕೆಲಸ ಬಿಟ್ಟು ನರಸಾಪುರದ ಫ್ಯಾಕ್ಟರಿ ಲೈನಿಗೆ ಸೇರಿದಳು. ನನಗೆ ಹೊಟ್ಟೆ ಉರಿಯಿತು. ಮೂರು ವರ್ಷ ಓದಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಿ, ಅಲ್ಲಿ ಹೋಗಿ ಸ್ಕ್ರೂ ಹಾಕೋದಾ? ಕೂರಿಸಿ ಕೇಳಿದೆ. "ಸಂಬಳ ಹೆಚ್ಚು ಕಡಿಮೆ ಅಷ್ಟೇ ಮೇಡಂ. ಬಸ್ಸು ಊರ ಬಾಗಿಲಿಗೇ ಬರುತ್ತೆ" ಅಂದಳು.

ನಮ್ಮ ಮಧ್ಯಾಹ್ನದ ಡ್ಯೂಟಿ ರಾತ್ರಿ 8ಕ್ಕೆ ಮುಗಿಯುತ್ತಿತ್ತು. ಚಾರ್ಜ್ ಕೊಟ್ಟು, ಅಂದರೆ ಮುಂದಿನ ಡ್ಯೂಟಿಯವರಿಗೆ ವಾರ್ಡ್ ಒಪ್ಪಿಸಿ, ಹೊರಬೀಳುವಾಗ ಎಂಟೂವರೆ. ಅವಳ ಊರಿನ ಕೊನೆ ಬಸ್ಸು ಅಷ್ಟರಲ್ಲಿ ಹೋಗಿರುತ್ತಿತ್ತು. ತಮ್ಮ ಬೈಕ್ ತಂದು ಗೇಟಿನ ಹತ್ತಿರ ಕಾಯುತ್ತಿದ್ದ. ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ ತಿಂಗಳೇ ಇವಳ ರಾಜೀನಾಮೆ ಬಂದಿತ್ತು.

ಅವತ್ತು ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ವಾರ ಸುಮ್ನೆ ಬಸ್ ಟೈಮ್ ಬರೆದುಕೊಂಡೆ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ವೇಮಗಲ್. ಬೋರ್ಡ್ ಮೇಲಿರುವ ಟೈಮ್ ಬೇರೆ, ಬಸ್ಸು ಬರುವ ಟೈಮ್ ಬೇರೆ, ಗೊತ್ತಲ್ವಾ. ಕಂಡಕ್ಟರ್‌ಗಳು ನಾನು ಟಿಕೆಟ್ ತಪಾಸಣೆಯ ಸ್ಕ್ವಾಡ್ ಅಂದುಕೊಂಡರು.

ಲಿಸ್ಟ್ ಹೀಗೆ ಬದಲಾಯಿತು. ಡ್ಯೂಟಿ ಬದಲಾಗುವ ಹೊತ್ತು 8-2-8 ಇದ್ದದ್ದನ್ನು ತೆಗೆದು 7-1-7 ಮಾಡಿದೆ. ಬೆಳಗ್ಗೆ 7ಕ್ಕೆ ಕೋಲಾರದಲ್ಲೇ ಮನೆ ಇರುವವರು ಮತ್ತು ಹಾಸ್ಟೆಲ್‌ನವರು. ಹಳ್ಳಿಯಿಂದ ಬರುವವರಿಗೆ 9ರಿಂದ 5ರ ನಡು ಡ್ಯೂಟಿ. ರೌಂಡ್ಸ್, ಆಪರೇಷನ್ ಕೇಸು, ಡಿಸ್ಚಾರ್ಜ್, ಹೊಸ ಅಡ್ಮಿಷನ್ ಎಲ್ಲ ಬೀಳೋದು ಅದೇ ಹೊತ್ತಿಗೆ ತಾನೇ. ನೈಟ್ ಮಾತ್ರ ಎಲ್ಲರಿಗೂ ಉಂಟು. ಮೊದಲು ಒಂದೇ ಸಮನೆ 10-12 ನೈಟ್ ಹಾಕುತ್ತಿದ್ದೆವು. ಈಗ ಮೂರೇ, ಆಮೇಲೆ ಪೂರ್ತಿ ಎರಡು ದಿನ ಆಫ್. ಲಿಸ್ಟ್ ನಾಲ್ಕು ವಾರ ಮುಂಚೆ ಗೋಡೆಗೆ ಬರುತ್ತೆ. ಬಂದ ಮೇಲೆ ನಾನು ಕೂಡ ಮುಟ್ಟುವಂತಿಲ್ಲ.

ನೈಟ್‌ಗೆ ಯಾರ ಜೊತೆ ಯಾರನ್ನು ಜೋಡಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಚ್ಚಿಡಲ್ಲ. ಪಕ್ಕದ ರಸ್ತೆಯ ಆಸ್ಪತ್ರೆಯವರೂ ಓದುತ್ತಾರೆ. ಸೀನಿಯರ್-ಜೂನಿಯರ್ ಲೆಕ್ಕ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ವಿರೋಧ ಎಲ್ಲ ಕಡೆಯಿಂದ ಬಂತು. "ಕೆಎಸ್‌ಆರ್‌ಟಿಸಿ ಹೇಳಿದ ಹಾಗೆ ಆಸ್ಪತ್ರೆ ನಡೆಸೋಕೆ ಆಗುತ್ತೇನ್ರೀ?" ಅಂದರು ಆಸ್ಪತ್ರೆ ನಡೆಸುವ ಎಂಡಿ ಸಾಹೇಬರು. ಅಕೌಂಟ್ಸ್‌ನವರು ನಡು ಡ್ಯೂಟಿ ಅಂದರೆ ದಂಡ ಖರ್ಚು ಅಂದರು. ಕೋಲಾರದ ಹುಡುಗಿಯರು ದಿನಾ ಏಳರ ಡ್ಯೂಟಿಗೆ ನಾವೇ ಬರಬೇಕಾ ಅಂತ ಮುಖ ಊದಿಸಿದರು. ಅವರ ಮಾತಲ್ಲಿ ನ್ಯಾಯ ಇತ್ತು. ಏಳರ ಡ್ಯೂಟಿಯವರಿಗೆ ಕ್ಯಾಂಟೀನ್ ತಿಂಡಿ ಆಸ್ಪತ್ರೆಯ ಖರ್ಚಲ್ಲಿ ಅಂತ ಮಾಡಿಸಿದೆ. 14 ಜನ, ಪ್ಲೇಟಿಗೆ 40 ರೂಪಾಯಿ, ತಿಂಗಳಿಗೆ 17 ಸಾವಿರದ ಹತ್ತಿರ. ಊದಿದ್ದ ಮುಖ ಸರಿಯಾಯಿತು.

ಎಂಡಿ ಒಪ್ಪಿದ್ದು ದುಡ್ಡಿನ ಲೆಕ್ಕ ನೋಡಿ. ಒಬ್ಬರು ಬಿಟ್ಟರೆ ಹೊಸಬಳು ತಯಾರಾಗೋಕೆ ಎರಡು ತಿಂಗಳು. ಅಷ್ಟೂ ದಿನ ಅವಳ ಸಂಬಳ, ಕಲಿಸುವವಳ ಸಮಯ, ಉಳಿದವರ ಡಬಲ್ ಡ್ಯೂಟಿ ಎಲ್ಲ ಸೇರಿಸಿದರೆ 35-40 ಸಾವಿರ. ಹತ್ತೊಂಬತ್ತು ಜನಕ್ಕೆ ಗುಣಿಸಿ ಏಳು ಲಕ್ಷ ಅಂತ ಚೀಟಿ ಬರೆದು ಅವರ ಟೇಬಲ್ ಮೇಲಿಟ್ಟೆ. ತಿಂಗಳಿಗೆ ಅರವತ್ತು ಡಬಲ್ ಡ್ಯೂಟಿ ಇದ್ದದ್ದು ಈಗ ಎಂಟೋ ಹತ್ತೋ.

ಇನ್ನು ಟ್ರೈನಿಂಗ್. ಮೊದಲು ಶನಿವಾರ ಮೂರಕ್ಕೆ ಹಾಲ್‌ನಲ್ಲಿ ಕ್ಲಾಸು. ನೈಟ್ ಇಳಿದವರು ಕೂತಲ್ಲೇ ನಿದ್ದೆ. ಸಹಿ ಮಾತ್ರ ಫೈಲಿಗೆ ಬೀಳುತ್ತಿತ್ತು. ಈಗ ಚಾರ್ಜ್ ಕೊಡುವ ಹೊತ್ತಲ್ಲೇ ಏಳು ನಿಮಿಷ, ವಾರಕ್ಕೆ ಒಂದೇ ವಿಷಯ, ನಿಂತುಕೊಂಡೇ. ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸುವ ವಾರದಲ್ಲಿ ಮುಚ್ಚಳ ಬಿಗಿದ ಒಂದು ಲೀಟರ್ ಖಾಲಿ ಬಾಟಲಿಯನ್ನು ದಿಂಬಿನ ಕವರಿನೊಳಗೆ ಇಟ್ಟು ಒತ್ತಿಸಿದೆ. ನಿಮಿಷಕ್ಕೆ 100ರಿಂದ 120. ಲಯ ಅದರಲ್ಲಿ ಚೆನ್ನಾಗಿ ಕೂರುತ್ತೆ. ಐದಾರು ಸೆಂಟಿಮೀಟರ್ ಆಳ ಮಾತ್ರ ಬರಲ್ಲ, ಅದಕ್ಕೆ ಬೊಂಬೆಯೇ ಬೇಕು, ಬಾಡಿಗೆಗೆ ತರಿಸಿದೆ. ಪಾಠ ಕನ್ನಡ-ತೆಲುಗು ಬೆರಕೆ. ಕೆಜಿಎಫ್ ಹುಡುಗಿಯರಿದ್ದರೆ ತಮಿಳೂ ಸೇರಿಕೊಳ್ಳುತ್ತೆ.

ರೋಗಿಗೆ ಬಳಸಿದ ಸೂಜಿ ತಮ್ಮ ಕೈಗೇ ಚುಚ್ಚಿದ್ದನ್ನು ಯಾರೂ ಹೇಳುತ್ತಿರಲಿಲ್ಲ. ಹೇಳಿದರೆ ವಿವರಣೆ ಪತ್ರ ಕೊಡಬೇಕಿತ್ತು. ಆ ಪತ್ರವನ್ನೇ ತೆಗೆಸಿದೆ. ಮರು ತಿಂಗಳೇ ಏಳು ಕೇಸು! ಎಂಡಿ ಗಾಬರಿಯಾದರು. "ಜಾಸ್ತಿ ಆಗಿಲ್ಲ ಸಾರ್, ಈಗ ಹೊರಗೆ ಬರ್ತಿದೆ" ಅಂದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಮುಚ್ಚಿಟ್ಟರೆ ಆ ಹೊತ್ತು ಎಲ್ಲಿಂದ ತರೋದು? ಅದೇ ನೆಪದಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಕಾರ್ಡುಗಳನ್ನೂ ತೆಗೆಸಿ ನೋಡಿದೆ. ಹನ್ನೊಂದು ಜನ ಆರನೇ ತಿಂಗಳ ಮೂರನೇ ಡೋಸ್ ಹಾಕಿಸಿಕೊಂಡೇ ಇರಲಿಲ್ಲ. ಇನ್ನೊಬ್ಬರಿಗೆ ಇಂಜೆಕ್ಷನ್ ಕೊಡುವವರ ಕಥೆ ಇದು.

ನೈಟ್‌ನಲ್ಲಿ ಸರದಿ ಪ್ರಕಾರ ಅರ್ಧ ಗಂಟೆ ಮಲಗುವ ವ್ಯವಸ್ಥೆಯನ್ನೂ ಮಾಡಿದೆ. ಮೊದಲ ವಾರವೇ ಒಬ್ಬ ಡಾಕ್ಟರ್ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಆಮೇಲೆ ರಿಜಿಸ್ಟರ್ ಇಟ್ಟೆ. ಯಾರು, ಎಷ್ಟರಿಂದ ಎಷ್ಟಕ್ಕೆ, ವಾರ್ಡ್ ಯಾರ ಕೈಲಿ, ಎಲ್ಲ ಬರೆಯಬೇಕು. ಎದ್ದ ಮೇಲೆ ಕಾಲು ಗಂಟೆ ಔಷಧಿ ಟ್ರಾಲಿ ಮುಟ್ಟುವಂತಿಲ್ಲ, ಮಂಪರು ಇರುತ್ತೆ. ಮೂರು ಗಂಟೆಗೆ ಟೀ ಬದಲು ರಾಗಿ ಅಂಬಲಿ ಕೊಡಿಸುವ ನನ್ನ ಪ್ರಯೋಗ ಮಾತ್ರ ನೆಗೆದುಬಿತ್ತು. ಅಂಬಲಿಯನ್ನೆಲ್ಲ ಸೆಕ್ಯೂರಿಟಿಯವರೇ ಕುಡಿದರು.

ಫ್ಯಾಕ್ಟರಿಗೆ ಹೋದ ಆ ಹುಡುಗಿ ಹೋದ ಯುಗಾದಿ ಮುಗಿದ ಮೇಲೆ ಫೋನ್ ಮಾಡಿದ್ದಳು. ನಡು ಡ್ಯೂಟಿ ಖಾಲಿ ಇದೆಯಾ ಅಂತ ಕೇಳಿದಳು. ಈಗ ಐಸಿಯುನಲ್ಲಿದ್ದಾಳೆ. ಮೊನ್ನೆ ಬಂದು, "ಮೇಡಂ, ನಮ್ಮೂರಿನ ಐದೂಕಾಲಿನ ಬಸ್ಸನ್ನು ಐದಕ್ಕೆ ಮಾಡಿದ್ದಾರೆ" ಅಂದಳು. ಮುಂದಿನ ತಿಂಗಳ ಲಿಸ್ಟ್ ಆಗಲೇ ಗೋಡೆ ಮೇಲಿದೆ. ನಾಳೆ ಡಿಪೋ ಮ್ಯಾನೇಜರ್‌ನ ನೋಡೋಕೆ ಹೋಗಬೇಕು.