ಓವ್ಯುಲೇಷನ್ ಸ್ಟ್ರಿಪ್ ಬೆಳಗ್ಗೆ ಎದ್ದ ಕೂಡಲೇ ಬೇಡ
ಮಗುವಿಗಾಗಿ ಕಾಯುತ್ತಿರುವ ಅಕ್ಕ ತಂಗಿಯರೇ, ಅಂಡ ಬಿಡುಗಡೆ ಹತ್ತಿರ ಬಂತಾ ಅಂತ ಮೂತ್ರದಲ್ಲಿ ನೋಡುವ ಓವ್ಯುಲೇಷನ್ ಸ್ಟ್ರಿಪ್‌ಗೆ ಬೆಳಗ್ಗಿನ ಮೊದಲ ಮೂತ್ರ ಬೇಡ. ಮಧ್ಯಾಹ್ನ 2 ಗಂಟೆ ಹೊತ್ತಿಗೆ ನೋಡಿ, ದಿನಾ ಅದೇ ಸಮಯಕ್ಕೆ. ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನು ಹೆಚ್ಚಿನವರಲ್ಲಿ ಬೆಳಗಿನ ಜಾವ ಏರುತ್ತದೆ, ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು. ಪರೀಕ್ಷೆಗೆ ಮುಂಚಿನ 2 ಗಂಟೆ ಜಾಸ್ತಿ ಏನೂ ಕುಡಿಯಬೇಡಿ. ನಮ್ಮ ಕಾಸರಗೋಡಿನ ಸೆಖೆಗೆ ಗಂಜಿ ತಿಳಿ, ಎಳನೀರು ಅಂತ ಕುಡಿಯುತ್ತಲೇ ಇರುತ್ತೇವೆ ಅಲ್ವಾ, ಮೂತ್ರ ತೆಳುವಾಗಿ ಗೆರೆ ಮಸುಕಾಗುತ್ತದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಪಾಸಿಟಿವ್. ಗಂಡ ಹೆಂಡತಿ ಸೇರಲು ಆ ದಿನ, ಮರುದಿನ ಎರಡನ್ನೂ ಬಿಡಬೇಡಿ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದವರು ಮಾತ್ರ ಇದನ್ನೇ ನಂಬಿ ಕೂರಬೇಡಿ. ಅಂಡ ಬಿಡುಗಡೆ ಆಗದೆಯೂ ಎಲ್‌ಎಚ್ ಏರಿಯೇ ಇರಬಹುದು, ಡಾಕ್ಟರ ಹತ್ತಿರ ಸ್ಕ್ಯಾನ್ ಬಗ್ಗೆ ಕೇಳಿ.