ಕಾಂಗ್ ಹಳ್ಳಿಯ ಹಳೇ ಕಥೆ ಹುಡುಕುವ ಬಗೆ

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿರುವ ಕಾಂಗ್‌ನಂಥ ಪುಟ್ಟ ಹಳ್ಳಿಯ ಇತಿಹಾಸ ಕೆದಕಲು ಹೊರಟವರು ಮೊದಲು ಟೌನ್‌ಲ್ಯಾಂಡ್ (ಅಲ್ಲಿನ ಅತಿ ಚಿಕ್ಕ ಭೂವಿಭಾಗ) ಹೆಸರು ಗೊತ್ತುಮಾಡಿಕೊಳ್ಳಿ. ಅಲ್ಲಿನ ಜಮೀನು ದಾಖಲೆಗಳು ನಿಂತಿರುವುದೇ ಅದರ ಮೇಲೆ. ಕಾಗುಣಿತ ನಾಲ್ಕು ಥರ ಇರಬಹುದು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ 1901 ಮತ್ತು 1911ರ ಜನಗಣತಿ ನೋಡಿ. ರಾಷ್ಟ್ರೀಯ ದಫ್ತರಖಾನೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹತ್ತು ವರ್ಷದಲ್ಲಿ ಅಜ್ಜಿಯೊಬ್ಬರ ವಯಸ್ಸು ಹದಿನೈದು ಏರಿದ್ದರೆ ಗಾಬರಿ ಬೇಡ: 1909ರಿಂದ 70 ತುಂಬಿದವರಿಗೆ ಪಿಂಚಣಿ ಶುರುವಾಗಿತ್ತು! ಅದಕ್ಕೂ ಹಿಂದಿನ ಗಣತಿಗಳು ಬಹುಪಾಲು ಇಲ್ಲ. ಕೆಲವು 1922ರಲ್ಲಿ ಡಬ್ಲಿನ್‌ನಲ್ಲಿ ದಾಖಲೆ ಕಚೇರಿಯಿದ್ದ ಫೋರ್ ಕೋರ್ಟ್ಸ್ ಕಟ್ಟಡದ ಬೆಂಕಿಯಲ್ಲಿ ಸುಟ್ಟವು, ಉಳಿದವನ್ನು ಸರ್ಕಾರವೇ ನಾಶಮಾಡಿತ್ತು. ಆ ಕಂದಕ ದಾಟಲು 1847–64ರ ಗ್ರಿಫಿತ್ ಭೂಮೌಲ್ಯಮಾಪನವೇ ಗತಿ. ಅದರಲ್ಲಿ ಸಿಗುವುದು ಹಿಡುವಳಿದಾರ ಮತ್ತು ಗೇಣಿಗೆ ಕೊಟ್ಟವನ ಹೆಸರು ಮಾತ್ರ. ಹೆಂಡತಿ ಮಕ್ಕಳನ್ನು ಹುಡುಕಲು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರೇ ಬೇಕು.

ಕಾಗದ ಮುಗಿಸಿ ಕಾಲ್ನಡಿಗೆಗೆ ಹೊರಡಿ. ಮಠದ ಪಾಳಿನ ಹತ್ತಿರ, ಹೊಳೆಯ ಮೇಲೇ ಕಟ್ಟಿದ ಸನ್ಯಾಸಿಗಳ ಮೀನುಮನೆಯಿದೆ. ನೆಲದಲ್ಲೊಂದು ಕಿಂಡಿ, ಕೆಳಗೆ ನೀರು. ಊರಾಚೆ ಒಣ ಕಾಲುವೆ. 1840ರ ದಶಕದ ಮಹಾ ಬರಗಾಲದ ವೇಳೆ ಮಾಸ್ಕ್ ಮತ್ತು ಕಾರಿಬ್ ಸರೋವರಗಳನ್ನು ಜೋಡಿಸಲು ತೋಡಿದ್ದು. ಅಡಿಯಲ್ಲಿರುವುದು ತೂತುತೂತು ಸುಣ್ಣಕಲ್ಲು, ನೀರು ನಿಲ್ಲಲೇ ಇಲ್ಲ. ಬೇಸಿಗೆಯಲ್ಲಿ ಹೋದರೆ ದೋಣಿಯನ್ನೇ ಕಾಣದ ಅಲ್ಲಿನ ಲಾಕ್‌ನ (ದೋಣಿ ಏರಿಳಿಸುವ ನೀರುಕಟ್ಟೆಯ) ಗೋಡೆಗಳು ಚೆನ್ನಾಗಿ ಕಾಣುತ್ತವೆ.